ಶನಿವಾರದ ಪಟ್ಟಿ

ಹಿರಿಯಣ್ಣನ ಬಾಯಿಗೆ ಬೀಳಬಾರದು ಎಂದು ಡ್ರಾಯಿಂಗ್ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದವರೇ ಶನಿವಾರ ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಕ್ಯಾಂಟೀನಿನಲ್ಲಿ ಅವನ ಟೇಬಲ್ಲಿಗೇ ಬಂದು ಕೂರುತ್ತಿದ್ದರು. ಪಕ್ಕದವನನ್ನು ಅವನು ಹೇಗೆ ಹರಿದು ಹಾಕುತ್ತಾನೆ ಎಂದು ಕೇಳುವ ಆಸೆ ಒಂದು ಕಡೆ, ತಮ್ಮನ್ನು ಏನಂದುಬಿಡುತ್ತಾನೋ ಎಂಬ ಅಳುಕು ಇನ್ನೊಂದು ಕಡೆ.

ವಿಕ್ರೋಳಿಯ ಆ ಪಂಪಿನ ಕಾರ್ಖಾನೆಯಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಅದರಲ್ಲಿ ನಾಲ್ಕು ಜನ ಡ್ರಾಯಿಂಗ್ ಆಫೀಸಿನಲ್ಲೇ ಇದ್ದರು. ತಿಪಟೂರಿನ ಹಿರಿಯಣ್ಣ, ಬೆಂಗಳೂರು ಚಾಮರಾಜಪೇಟೆಯ ಸತ್ಯಮೂರ್ತಿ, ಬಾಗಲಕೋಟೆ ಕಡೆಯ ಗೌಸ, ಮಂಗಳೂರಿನ ದೂಜ. ಎಲ್ಲರೂ ಬೋರ್ಡಿನ ಮುಂದೆ ನಿಂತು ಪಂಪಿನ ಹೊಟ್ಟೆ, ಕತ್ತು, ರೆಕ್ಕೆಗಳನ್ನು ಅಳತೆ ಹಾಕಿ ಬಿಡಿಸುವವರು. ಕೆಲಸದಲ್ಲಿ ಬಾಯಿಗೆ ಬಿಡುವು ಇರುತ್ತಿದ್ದುದರಿಂದ ಮಾತಿಗೆ ಬರವಿರಲಿಲ್ಲ.

ಫುಟ್‌ಬಾಲಿನ ಹುಚ್ಚು ಹತ್ತಿಸಿದವನು ದೂಜ. ಎಂಬತ್ತಾರರ ಮೆಕ್ಸಿಕೋ ವರ್ಲ್ಡ್ ಕಪ್ಪಿನಲ್ಲಿ ಅವನೊಂದು ಆಟ ಕಟ್ಟಿದ. ಅಲ್ಲಿ ಆಡುವ ಎಲ್ಲ ದೇಶಗಳ ಆಟಗಾರರೊಳಗಿಂದ ಒಬ್ಬೊಬ್ಬರೂ ತಮಗೆ ಬೇಕಾದ ಹನ್ನೊಂದು ಜನರನ್ನು ಆರಿಸಿಕೊಂಡು ಒಂದು ಟೀಮು ಮಾಡಿಕೊಳ್ಳುವುದು. ಟೀಮು ಇರುವುದು ಕಾಗದದ ಮೇಲೆ ಮಾತ್ರ. ನಿಜವಾದ ಮ್ಯಾಚಿನಲ್ಲಿ ನಿಮ್ಮವನು ಗೋಲು ಹೊಡೆದರೆ ನಿಮಗೆ ಪಾಯಿಂಟು, ನಿಮ್ಮ ಗೋಲ್‌ಕೀಪರ್ ಚೆಂಡು ಬಿಟ್ಟರೆ ಕಡಿತ. ಬೆಳಗಿನ ಪೇಪರು ನೋಡಿ ದೂಜ ಲೆಕ್ಕ ಹಾಕುತ್ತಿದ್ದ. ವರ್ಲ್ಡ್ ಕಪ್ ಮುಗಿದರೂ ಚಟ ಮುಗಿಯಲಿಲ್ಲ. ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ಬಂದರೆ ಅದಕ್ಕೂ ಟೀಮು ಕಟ್ಟಿದರು.

ಪಾಯಿಂಟು ದೂಜನದಾದರೆ ಪಟ್ಟಿ ಹಿರಿಯಣ್ಣನದು. ಇವತ್ತಿನ ಪಾಯಿಂಟು ಎಷ್ಟಾದರೂ ಇರಲಿ, ಯಾವ ಟೀಮಿಗೆ ದಮ್ಮಿದೆ, ಯಾವುದು ಮುಂದಿನ ವಾರ ಮಕಾಡೆ ಮಲಗುತ್ತದೆ ಎಂದು ಅಳೆದು ಮೊದಲಿನಿಂದ ಕೊನೆಯವರೆಗೆ ಸ್ಥಾನ ಕೊಡುವುದು ಅವನ ಕೆಲಸ. ಟ್ರೇಸಿಂಗ್ ಪೇಪರಿನ ಚೂರಿನ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದು, ಒಂದೊಂದು ಟೀಮಿಗೂ ಎರಡು ಸಾಲು ವ್ಯಾಖ್ಯಾನ ಸೇರಿಸಿ, ಶನಿವಾರ ಊಟದ ಹೊತ್ತಿಗೆ ಓದುತ್ತಿದ್ದ. ‘ಸತ್ಯಮೂರ್ತಿಯ ಟೀಮು: ಹನ್ನೊಂದು ಜನರೂ ಸಭ್ಯರು. ಚೆಂಡು ಬಂದರೆ ನೀವು ಮೊದಲು, ನೀವು ಮೊದಲು ಅನ್ನುತ್ತಾರೆ. ಮೂರನೇ ಸ್ಥಾನ.’ ಪಾಯಿಂಟನ್ನು ಯಾರೂ ಅಷ್ಟಾಗಿ ನೆನಪಿಡುತ್ತಿರಲಿಲ್ಲ. ಹಿರಿಯಣ್ಣ ಏನಂದ ಎಂಬುದು ವಾರವಿಡೀ ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ಅವನಿಗೆ ತಿರುಗಿ ಕೊಡುವ ಗಂಡಸು ಎಂದರೆ ಗೌಸ ಒಬ್ಬನೇ.

"ಲೇ ಹಿರ್ಯಾ, ನಿನ್ನ ಪಟ್ಟಿ ಒಯ್ದು ಒಲಿಗೆ ಹಾಕಲೇ. ನಿನಗ ಫುಟ್‌ಬಾಲ್ ಅಂದ್ರ ಏನು ಗೊತ್ತೈತಿ? ತೆಂಗಿನಕಾಯಿ ಒದ್ದು ಬೆಳದಾಂವ ನೀ" ಎಂದು ಇಡೀ ಕ್ಯಾಂಟೀನಿಗೆ ಕೇಳುವಂತೆ ಕೂಗುತ್ತಿದ್ದ. ಮರಾಠಿಯವರು, ತಮಿಳರು ಭಾಷೆ ತಿಳಿಯದಿದ್ದರೂ ಆ ದನಿಗೇ ನಗುತ್ತಿದ್ದರು. ಬೈಗುಳ ತಿಂದು ಹಿರಿಯಣ್ಣನೂ ನಗುತ್ತಿದ್ದ. ಆಮೇಲೆ ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿ ಬೋರ್ಡಿಗೆ ಮರಳುತ್ತಿದ್ದರು. ಇಬ್ಬರ ಬೋರ್ಡುಗಳೂ ಅಕ್ಕಪಕ್ಕದಲ್ಲಿದ್ದವು.

ಅಕ್ಕಪಕ್ಕದಲ್ಲಿ ಇದ್ದದ್ದರಿಂದಲೇ ಹಿರಿಯಣ್ಣನಿಗೆ ಬೇರೆ ಯಾರಿಗೂ ತಿಳಿಯದ ಒಂದು ಸಂಗತಿ ತಿಳಿದಿತ್ತು. ಗೌಸನ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣಿಗಿಳಿದಿತ್ತು. ಗೆರೆ ಎಳೆಯುವುದರಲ್ಲಿ ಅವನ ಕೈ ಇನ್ನೂ ಮೊದಲಿನಂತೆಯೇ ಪಳಗಿದ ಕೈ. ಆದರೆ ಹಳೆಯ ನಕ್ಷೆಗಳ ಸಣ್ಣ ಅಂಕಿಗಳು ಅವನಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು. "ಹಿರ್ಯಾ, ಇದು ಮೂರೋ ಎಂಟೋ?" ಎಂದು ತಲೆ ಎತ್ತದೆ ಪಿಸುಗುಟ್ಟುತ್ತಿದ್ದ. ಹಿರಿಯಣ್ಣ ಪೆನ್ಸಿಲು ಚೂಪು ಮಾಡುವ ನೆವದಲ್ಲಿ ಬಗ್ಗಿ ನೋಡಿ ಹೇಳುತ್ತಿದ್ದ. ಎರಡು ವರ್ಷದಿಂದ ಹೀಗೇ ನಡೆದಿತ್ತು. ಗೌಸ ಇದನ್ನು ಮನೆಯಲ್ಲಿ ಹೆಂಡತಿ ನಜ್ಮಾಗೂ ಪೂರ್ತಿ ಹೇಳಿರಲಿಲ್ಲ.

ಮನೆಗಳ ನಡುವೆಯೂ ಬಳಕೆ ಇತ್ತು. ಗೌಸನದು ಸ್ಟೇಷನ್ನಿನ ಪಶ್ಚಿಮಕ್ಕೆ ಪಾರ್ಕ್‌ಸೈಟಿನ ಗುಡ್ಡದ ಮೇಲಿನ ಚಾಳು. ಹಿರಿಯಣ್ಣನದು ಪೂರ್ವಕ್ಕೆ, ಕನ್ನಮ್ವಾರ್ ನಗರದಲ್ಲಿ ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಹಿರಿಯಣ್ಣನ ಹೆಂಡತಿ ಸರಸ್ವತಿಗೆ ಟೈಫಾಯ್ಡ್ ಆಗಿ ಮಲಗಿದ್ದಾಗ ನಜ್ಮಾ ದಿನಾ ರೈಲ್ವೆ ಬ್ರಿಡ್ಜು ದಾಟಿ ಬಂದು ಗಂಜಿ ಕುಡಿಸಿ, ತಲೆ ಬಾಚಿ ಹೋಗುತ್ತಿದ್ದಳು. ಊರಿನಿಂದ ತನ್ನ ಅಮ್ಮ ಬಂದಿದ್ದರೂ ಅಷ್ಟು ಮಾಡುತ್ತಿರಲಿಲ್ಲ ಎಂದು ಸರಸ್ವತಿ ಎಷ್ಟೋ ಸಲ ಹೇಳಿದ್ದಳು.

ತೊಂಬತ್ತರಲ್ಲಿ ಇಟಲಿಯ ವರ್ಲ್ಡ್ ಕಪ್ ಬಂತು. ಟಿವಿಯಲ್ಲಿ ರಾತ್ರಿ ಊಟದ ಹೊತ್ತಿಗೇ ಮ್ಯಾಚು ತೋರಿಸುತ್ತಿದ್ದರು. ಮೊದಲ ದಿನವೇ ಕ್ಯಾಮರೂನಿನವರು ಅರ್ಜೆಂಟೀನಾವನ್ನು ಸೋಲಿಸಿ ಲೋಕವನ್ನೇ ಬೆಚ್ಚಿಬೀಳಿಸಿದರು. ಆ ಮ್ಯಾಚಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಮೈದಾನಕ್ಕಿಳಿದಿದ್ದ ಮೂವತ್ತೆಂಟರ ಹಳೆಯ ಆಟಗಾರನೊಬ್ಬನನ್ನು ಗೌಸ ತನ್ನ ಟೀಮಿಗೆ ಸೇರಿಸಿಕೊಂಡ. ವಾರಕ್ಕೊಬ್ಬನನ್ನು ಬದಲಾಯಿಸಲು ದೂಜನ ನಿಯಮದಲ್ಲಿ ಅವಕಾಶವಿತ್ತು.

ಹಿರಿಯಣ್ಣನಿಗೆ ಹಬ್ಬವೋ ಹಬ್ಬ. ಆ ಶನಿವಾರದ ಪಟ್ಟಿಯಲ್ಲಿ ಗೌಸನ ಟೀಮು ಕೊನೆಗೆ. ‘ಗೌಸನ ವೃದ್ಧಾಶ್ರಮ: ಇಲ್ಲಿ ಚೆಂಡಿನ ಜೊತೆ ಊರುಗೋಲೂ ಕೊಡಲಾಗುವುದು.’ ಸತ್ಯಮೂರ್ತಿ ನಕ್ಕು ನಕ್ಕು ಮಜ್ಜಿಗೆ ಮೂಗಿಗೆ ಹತ್ತಿಸಿಕೊಂಡ.

ಆದರೆ ಆ ಹಳೆಯ ಆಟಗಾರ ಮುಂದಿನ ಮ್ಯಾಚಿನಲ್ಲಿ ಎರಡು ಗೋಲು ಹೊಡೆದ. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಎರಡು. ಗೌಸನ ಟೀಮು ದೂಜನ ಲೆಕ್ಕದಲ್ಲಿ ಎಲ್ಲರನ್ನೂ ದಾಟಿ ಹಿರಿಯಣ್ಣನ ತಲೆಯ ಮೇಲೆ ಹೋಗಿ ಕೂತಿತು. ಗೌಸ ಆ ಸೋಮವಾರ ಬೆಳಗಿನ ಚಹಾದ ಹೊತ್ತಿಗೆ ಕ್ಯಾಂಟೀನಿಗೆ ಬಂದದ್ದೇ ಕುಣಿಯುತ್ತ. ಹಿಂದಿನ ಪಟ್ಟಿಯನ್ನು ಹಿರಿಯಣ್ಣನ ಜೇಬಿನಿಂದ ಎಳೆದು, ಟೇಬಲ್ಲಿನ ಮೇಲೆ ಹತ್ತಿ ನಿಂತು, ಕೇಳಿ ಕೇಳಿ ಬಾಯಿಪಾಠವಾಗಿದ್ದುದನ್ನು ಓದುವವನಂತೆ ಹಿಂದಿಯಲ್ಲಿ ಎಲ್ಲರಿಗೂ ಹೇಳಿದ. ವೃದ್ಧಾಶ್ರಮದ ಸಾಲು ಬಂದಾಗ ಇಡೀ ಕ್ಯಾಂಟೀನು ಹೋ ಎಂದಿತು.

"ನೋಡ್ರೆಪಾ, ಇಂವಾ ಜ್ಯೋತಿಷಿ! ಇಂವನ ಕೈಯಾಗ ಯಾರೂ ನಸೀಬ ಕೊಡಬ್ಯಾಡ್ರಿ. ಮನಿಶ್ಯಾನ ನೋಡಿ ತೂಕಾ ಮಾಡಾಕ ಬರೂದಿಲ್ಲ ಈ ನನ ಮಗಗ!"

ನಗಬೇಕಾಗಿತ್ತು. ಹಿರಿಯಣ್ಣ ನಕ್ಕ ಕೂಡ. ಆದರೆ ಲಾರಿ ಷೆಡ್ಡಿನ ಹಮಾಲರು, ಪ್ಯಾಕಿಂಗಿನ ಹುಡುಗಿಯರು, ಎಲ್ಲರೂ ತನ್ನ ಕಡೆ ಕೈ ತೋರಿಸಿ ನಗುತ್ತಿದ್ದದ್ದು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅದೇ ದಿನ ಮಧ್ಯಾಹ್ನ ಪ್ರಧಾನ್ ಸಾಹೇಬರು ಅವನನ್ನು ಕ್ಯಾಬಿನ್ನಿಗೆ ಕರೆಸಿದರು.

ಪ್ರಧಾನ್ ಡ್ರಾಯಿಂಗ್ ಆಫೀಸಿನ ಮ್ಯಾನೇಜರು. ಗಟ್ಟಿಯಾಗಿ ಮಾತಾಡಿದವರಲ್ಲ, ಯಾರನ್ನೂ ಕೂರಿಸಿ ಚಹಾ ಕೊಟ್ಟವರೂ ಅಲ್ಲ. ಅವತ್ತು ಕೂರಿಸಿದರು, ಚಹಾ ತರಿಸಿದರು. ಕ್ಯಾಂಟೀನಿನ ಗಲಾಟೆ ಅವರ ಕಿವಿಗೂ ಬಿದ್ದಿತ್ತು.

"ನಿಮ್ಮ ಪಟ್ಟಿಯ ಬಗ್ಗೆ ಕೇಳಿದ್ದೇನೆ, ಹಿರಿಯಣ್ಣ. ಭಾರೀ ಮಜವಾಗಿ ಬರೀತೀರಂತೆ" ಎಂದರು ಹಿಂದಿಯಲ್ಲಿ. ಸ್ವಲ್ಪ ಹೊತ್ತು ಫುಟ್‌ಬಾಲ್ ಮಾತಾಡಿದರು. ಆಮೇಲೆ ಕುರ್ಚಿಗೆ ಒರಗಿ ಕೇಳಿದರು: "ನಕ್ಷೆ ಬಿಡಿಸೋ ಕಂಪ್ಯೂಟರು ಬರ್ತಾ ಇದೆ, ಗೊತ್ತಲ್ಲ. ಇಷ್ಟೊಂದು ಬೋರ್ಡು ಆಮೇಲೆ ಬೇಕಾಗಲ್ಲ. ಒಂದು ಮಾತಿಗೆ ಕೇಳ್ತೀನಿ. ಈ ಡ್ರಾಯಿಂಗ್ ಆಫೀಸು ನಿಮ್ಮ ಟೀಮು ಅಂತ ಇಟ್ಕೊಳ್ಳಿ. ನೀವು ಹೇಗೆ ಸ್ಥಾನ ಕೊಡ್ತೀರಿ?"

ಹಿರಿಯಣ್ಣನಿಗೆ ಆ ಪ್ರಶ್ನೆಯ ಬಾಲ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಇರಲಿಲ್ಲ. ಆದರೆ ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಕ್ಯಾಬಿನ್ನಿನಲ್ಲಿ ಅವನು ಕುರ್ಚಿಯ ಮೇಲೆ ಕೂತಿದ್ದ. ಎದುರಿಗಿದ್ದ ಮನುಷ್ಯ ಅವನ ಮಾತಿಗಾಗಿ ಮುಖ ಅರಳಿಸಿಕೊಂಡು ಕಾಯುತ್ತಿದ್ದ. ಹಿರಿಯಣ್ಣ ಬಾಯಿ ಬಿಟ್ಟ. ಬಿಟ್ಟ ಮೇಲೆ ಅದು ತಾನಾಗಿ ಹರಿಯಿತು. ಸತ್ಯಮೂರ್ತಿ ನಿಧಾನ, ಆದರೆ ತಪ್ಪು ಮಾಡುವುದಿಲ್ಲ. ದೂಜನಿಗೆ ಕೆಲಸಕ್ಕಿಂತ ಲೆಕ್ಕಾಚಾರವೇ ಪ್ರೀತಿ. ಮರಾಠಿಯ ಇಬ್ಬರು ಹೊಸಬರು ಓಡುತ್ತಾರೆ, ಚೆಂಡು ಎಲ್ಲಿದೆ ಅಂತ ನೋಡುವುದಿಲ್ಲ. ಪ್ರಧಾನ್ ಮೇಜು ತಟ್ಟಿ ನಕ್ಕರು.

"ಮತ್ತೆ ನಿಮ್ಮ ಆ ದೋಸ್ತ? ಗೌಸ?"

"ಗೌಸ ಗೋಲ್‌ಕೀಪರು ಸಾರ್. ಕೈ ಚಿನ್ನದಂಥ ಕೈ. ಒಂದೇ ಕಷ್ಟ, ಅವನಿಗೆ ಚೆಂಡೇ ಕಾಣಿಸಲ್ಲ."

ಪ್ರಧಾನ್ ನಗುತ್ತಲೇ, "ಅಂದ್ರೆ?" ಎಂದರು.

ಅಲ್ಲಿ ನಿಲ್ಲಿಸಬಹುದಾಗಿತ್ತು. ತಮಾಷೆಗೆ ಅಂದೆ ಸಾರ್, ಎಂದು ಎದ್ದು ಬರಬಹುದಾಗಿತ್ತು. ಆದರೆ ಬೆಳಗಿನ ಮುಳ್ಳು ಗಂಟಲಲ್ಲಿ ಇನ್ನೂ ಕೂತಿತ್ತು. "ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಗೊತ್ತಾಗಲ್ಲ ಸಾರ್ ಅವನಿಗೆ. ನಾನು ಪಕ್ಕದಲ್ಲಿ ಇದ್ದೀನಿ ಅಂತ ನಡೀತಿದೆ" ಎಂದ.

ಪ್ರಧಾನ್ ಇನ್ನೊಂದು ಬಿಸ್ಕತ್ತು ಮುಂದೆ ಸರಿಸಿದರು.

ಮಳೆಗಾಲ ನಡುವಿಗೆ ಬರುವಷ್ಟರಲ್ಲಿ ಗೌಸನಿಗೆ ಒಂದು ಚೀಟಿ ಬಂತು. ಕಂಪನಿಯ ಡಾಕ್ಟರ ಹತ್ತಿರ ಹೋಗಿ ಕಣ್ಣು ತೋರಿಸಬೇಕು. ಅವನು ಕ್ಯಾಂಟೀನಿನಲ್ಲಿ ಚೀಟಿ ಹಿಡಿದುಕೊಂಡು ಕೂತ. ಅವತ್ತು ಬೈಗುಳ ಇಲ್ಲ, ಕೂಗು ಇಲ್ಲ.

"ಇವರಿಗೆ ಹ್ಯಾಂಗ ಗೊತ್ತಾತು, ಹಿರ್ಯಾ?"

"ಎಲ್ಲರಿಗೂ ಮಾಡ್ತಾರಂತೆ ಕಣೋ. ಕಂಪ್ಯೂಟರು ಬರುತ್ತಲ್ಲ, ಅದಕ್ಕೆ" ಎಂದ ಹಿರಿಯಣ್ಣ. ಅನ್ನ ಕಲಸುತ್ತಿದ್ದ ಅವನ ಕೈ ಮಾತ್ರ ನಿಲ್ಲಲಿಲ್ಲ. ಸತ್ಯಮೂರ್ತಿ ದೂಜನ ಮುಖ ನೋಡಿದ, ದೂಜ ತನ್ನ ಡಬ್ಬಿ ನೋಡಿಕೊಂಡ.

ಬೇರೆ ಯಾರಿಗೂ ಚೀಟಿ ಬರಲಿಲ್ಲ. ಗೌಸ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಎರಡು ಸಾಲಿನಿಂದ ಕೆಳಗಿಳಿಯಲಾರದೆ ಹೋದ. ಕೆಲಸಕ್ಕೆ ಯೋಗ್ಯನಲ್ಲ ಎಂದು ಬರೆದರು, ತಾನಾಗಿಯೇ ಬಿಡುತ್ತಿದ್ದೇನೆ ಎಂಬುದಕ್ಕೆ ಸಹಿ ಹಾಕಿಸಿಕೊಂಡರು. ಹೋಗುವ ದಿನ ಅವನು ತನ್ನ ಕಂಪಾಸು, ಪೆನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಒಬ್ಬೊಬ್ಬರ ಬೋರ್ಡಿನ ಹತ್ತಿರವೂ ಹೋಗಿ ಕೈ ಕುಲುಕಿದ. ಹಿರಿಯಣ್ಣನ ಕೈಯನ್ನೂ ಕುಲುಕಿದ. ಅವನ ಮುಖದಲ್ಲಿ ಏನಿದೆ ಎಂದು ಹಿರಿಯಣ್ಣ ಹುಡುಕಿದ. ಆ ಮಂಜು ಕಣ್ಣಿನಲ್ಲಿ ಏನೂ ಓದಲು ಬರಲಿಲ್ಲ.

ದೀಪಾವಳಿ ಕಳೆದು ರೋವರ್ಸ್ ಕಪ್ ಬಂತು. ಆಟ ನಿಲ್ಲಿಸುವುದೇ ಒಳ್ಳೆಯದೇನೋ ಎಂದು ಹಿರಿಯಣ್ಣನಿಗೆ ಅನ್ನಿಸಿತ್ತು. ಆದರೆ ದೂಜ ತಾನಾಗಿಯೇ ಬಂದು, "ಎಂತ ಹಿರಿಯಣ್ಣ, ಈ ಸಲ ಆಟ ಇಲ್ವಾ? ನೀವಿಲ್ಲದಿದ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ" ಎಂದ. ಮೊದಲು ನೀನು ಅನ್ನುತ್ತಿದ್ದವನು ನೀವು ಅಂದದ್ದು ಹಿರಿಯಣ್ಣನಿಗೆ ಆಗ ಹೊಳೆಯಲಿಲ್ಲ. ಆಟಗಾರರನ್ನು ಆರಿಸುವಾಗ ಮೊದಲ ಸರದಿ ಯಾರದು ಎಂದು ಚೀಟಿ ಎತ್ತುವುದು ವಾಡಿಕೆ. ಈ ಸಲ ಚೀಟಿಯೇ ಇಲ್ಲ. "ಹಿರಿಯರು ನೀವು, ಮೊದಲು ತಗೊಳ್ಳಿ" ಎಂದ ಸತ್ಯಮೂರ್ತಿ. ಹಿರಿಯಣ್ಣ ಒಳ್ಳೊಳ್ಳೆಯವರನ್ನೆಲ್ಲ ಬಾಚಿಕೊಂಡ. ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ಶನಿವಾರದ ಪಟ್ಟಿಗೆ ಈಗ ಮೊದಲಿಗಿಂತ ಜಾಸ್ತಿ ನಗು. ಮಾತು ಮುಗಿಯುವ ಮೊದಲೇ ನಗುತ್ತಿದ್ದರು. ಎರಡು ವಾರ ಅವನಿಗೆ ಅದು ಹಿತವಾಗಿತ್ತು. ಸತ್ಯಮೂರ್ತಿ ಮನೆಯಿಂದ ಅವನಿಗೆಂದೇ ಹುಳಿಯನ್ನ ತರುತ್ತಿದ್ದ, ದೂಜ ಊರಿನಿಂದ ಬಂದ ಹಲ್ವ ಕೊಟ್ಟ. ಮೂರನೇ ವಾರ ಓದುತ್ತಾ ತಲೆ ಎತ್ತಿದಾಗ ದೂಜನ ಕಣ್ಣು ಸಿಕ್ಕಿತು. ಬಾಯಿ ನಗುತ್ತಿತ್ತು. ಕಣ್ಣು ಮಾತ್ರ, ಅಡ್ಡ ಬಂದ ಬೀದಿನಾಯಿ ಕಚ್ಚುತ್ತದೋ ಇಲ್ಲವೋ ಎಂದು ನೋಡುವವನ ಕಣ್ಣಿನಂತೆ ಇತ್ತು.

ಹಿರಿಯಣ್ಣ ಪಟ್ಟಿಯನ್ನು ಅರ್ಧಕ್ಕೇ ಮಡಚಿ ಜೇಬಿಗಿಟ್ಟ. ನಿಜ ತಿಳಿದುಕೊಳ್ಳಬೇಕು ಎಂದು ಮುಂದಿನ ವಾರ ಬೇಕೆಂತಲೇ ಒಂದು ಹುಚ್ಚು ಪಟ್ಟಿ ಬರೆದ. ಪಾಯಿಂಟಿನಲ್ಲಿ ಎಲ್ಲರಿಗಿಂತ ಮುಂದಿದ್ದ ದೂಜನ ಟೀಮನ್ನು ಕೊನೆಗೆ ತಳ್ಳಿದ. ಆ ವಾರ ಒಂದೂ ಗೋಲು ಹೊಡೆಯದ ತನ್ನದನ್ನು ಮೊದಲಿಗೆ ಇಟ್ಟ. ವ್ಯಾಖ್ಯಾನದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ‘ದೂಜನ ಟೀಮು: ಸಗಣಿ’ ಎಂದಷ್ಟೇ ಇತ್ತು.

ಇಬ್ಬರೂ ನಕ್ಕರು.

"ಸರಿಯಾಗೇ ಉಂಟು" ಎಂದ ದೂಜ. "ನಾನೇ ಹೇಳುವ ಅಂತಿದ್ದೆ."

"ಏನು ಸರಿಯಾಗಿದೆ? ನಿನ್ನ ಟೀಮು ಮೊದಲನೇದಲ್ಲವೇನೋ?"

"ಅದು ಸುಮ್ಮನೆ ಅದೃಷ್ಟ. ನೀವು ಹಾಕಿದ್ದೇ ಸರಿ."

"ಬೈಯೋ!" ಹಿರಿಯಣ್ಣ ಮೇಜು ಗುದ್ದಿದ. ಸ್ಟೀಲಿನ ಲೋಟ ಉರುಳಿ ನೀರು ಸತ್ಯಮೂರ್ತಿಯ ಮಡಿಲಿಗೆ ಹರಿಯಿತು. "ಸುಳ್ಳು ಬರೆದಿದ್ದೀನಿ ಕಣ್ರೋ, ಕಾಣ್ಸಲ್ವಾ ನಿಮ್ಗೆ? ಬೈರೋ ನನ್ನ! ಯಾಕೆ ನಗ್ತೀರಿ?"

ದೂಜ ಎದ್ದು ಕೈ ತೊಳೆಯಲು ಹೋದ. ಸತ್ಯಮೂರ್ತಿ ಕರವಸ್ತ್ರದಿಂದ ಪ್ಯಾಂಟು ಒರೆಸಿಕೊಳ್ಳುತ್ತಾ, ತಲೆ ಎತ್ತದೆ, ಯಾರಿಗೂ ಕೇಳಿಸದಂತೆ ಹೇಳಿದ: "ನನಗೆ ಇಬ್ಬರು ಹೆಣ್ಣುಮಕ್ಕಳು ಹಿರಿಯಣ್ಣ. ದೊಡ್ಡವಳು ಈ ವರ್ಷ ಕಾಲೇಜಿಗೆ ಸೇರಿದ್ದಾಳೆ. ನೀವು ಏನು ಬರೆದರೂ ನಾನು ನಗ್ತೀನಿ."

ಆ ಮಾತಿನ ಮೇಲೆ ಹಿರಿಯಣ್ಣ ಪಟ್ಟಿ ಬರೆಯುವುದನ್ನು ಬಿಟ್ಟ.

ಒಂದು ಭಾನುವಾರ, ಸರಸ್ವತಿಗೆ ಏನೂ ಹೇಳದೆ, ಅಂಧೇರಿಗೆ ಹೊರಟ. ಗೌಸ ಅಲ್ಲಿ ಸ್ಟೇಷನ್ನಿನ ಹತ್ತಿರ ತನ್ನ ಮೈದುನನ ಅಂಗಡಿಯಲ್ಲಿದ್ದಾನೆ, ಆಟೋರಿಕ್ಷಾಗಳ ಸೀಟಿಗೆ ರೆಕ್ಸಿನ್ ಕವರು ಹೊಲಿಯುವ ಅಂಗಡಿ ಎಂದು ಯಾರೋ ಹೇಳಿದ್ದರು. ದಾದರಿನಲ್ಲಿ ಗಾಡಿ ಬದಲಾಯಿಸಿ ಹೋಗಿ ಹುಡುಕಿದ. ಗೌಸ ನೆಲದ ಮೇಲೆ ಮೊಣಕಾಲೂರಿ ಕೂತು ಕಪ್ಪು ರೆಕ್ಸಿನ್ನಿನ ಮೇಲೆ ಬಿಳಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಸ್ಕೇಲು ಇರಲಿಲ್ಲ. ಗೆರೆ ನೆಟ್ಟಗೆ ಬರುತ್ತಿತ್ತು.

"ಯಾರು?" ಎಂದ ಗೌಸ, ಬಾಗಿಲ ಬೆಳಕಿಗೆ ಮುಖ ಕಿವುಚಿ.

"ನಾನು ಕಣೋ. ಹಿರಿಯಣ್ಣ."

"ಓಹೋ. ಬಾ, ಕೂಡು." ಒಂದು ಮರಿ ಸ್ಟೂಲು ಸರಿಸಿದ. ಚಹಾ ಹೇಳಿದ. ಮೈಯಿಳಿದಿತ್ತು. ಒಂದು ಕಣ್ಣು ಪೂರ್ತಿ ಹೋಯಿತೆಂದೂ ಇನ್ನೊಂದಕ್ಕೆ ಔಷಧಿ ಹಾಕುತ್ತಿದ್ದಾರೆಂದೂ ಹವಾಮಾನದ ಸುದ್ದಿಯ ಹಾಗೆ ಹೇಳಿದ. ರೋವರ್ಸ್ ಕಪ್ ಏನಾಯಿತು ಎಂದು ಕೇಳಿದ. ಹಿರಿಯಣ್ಣ ಗೊತ್ತಿದ್ದಷ್ಟು ಹೇಳಿದ. ಚಹಾ ಬಂತು.

"ಗೌಸ, ನಿನ್ನ ಹತ್ರ ಒಂದು ಮಾತು ಹೇಳಬೇಕು ಅಂತ ಬಂದೆ. ಆವತ್ತು ಪ್ರಧಾನ್ ಸಾಹೇಬರು—"

"ಬ್ಯಾಡ."

"ಒಂದ್ನಿಮಿಷ ಕೇಳು—"

"ಬ್ಯಾಡ ಅಂದ್ನಿ, ಹಿರ್ಯಾ." ದನಿ ಏರಿರಲಿಲ್ಲ. "ನೀ ಅದನ್ನ ಬಾಯಿಬಿಟ್ಟು ಹೇಳಿದಿ ಅಂದ್ರ ನಾ ಮಾಫ್ ಮಾಡಬೇಕಾಗ್ತದ. ಮಾಡಲಿಲ್ಲ ಅಂದ್ರ ನಾ ಕೆಟ್ಟಾಂವ ಆಗ್ತೀನಿ. ನನ್ನ ಕಡಿಂದ ಮಾಫ್ ಮಾಡೂದು ಆಗೂದಿಲ್ಲ. ಕೆಟ್ಟಾಂವ ಆಗಾಕೂ ಮನಸಿಲ್ಲ. ಚಾ ಕುಡಿ, ಆರತದ."

ಹಿರಿಯಣ್ಣ ಕುಡಿದ. ಹೊರಗೆ ರಿಕ್ಷಾ ಒಂದು ಬಂದು ನಿಂತಿತು. ಡ್ರೈವರು ಹರಿದ ಸೀಟು ತೋರಿಸಿದ. ಗೌಸ ಎದ್ದು ಹೋಗಿ ಬೆರಳಿನಿಂದ ಸೀಟಿನ ಅಂಚು ಸವರಿ ಅಳತೆ ಹಿಡಿಯತೊಡಗಿದ. ಮತ್ತೆ ಒಳಗೆ ಬರಲಿಲ್ಲ. ಹಿರಿಯಣ್ಣ ಸ್ವಲ್ಪ ಹೊತ್ತು ಕಾದು, ಖಾಲಿ ಲೋಟವನ್ನು ನೆಲಕ್ಕಿಟ್ಟು, ಅವನ ಬೆನ್ನ ಹಿಂದಿನಿಂದಲೇ ದಾಟಿಕೊಂಡು ಸ್ಟೇಷನ್ನಿಗೆ ನಡೆದ.

ಹೊಸ ವರ್ಷದಲ್ಲಿ ಕಂಪ್ಯೂಟರು ಬಂತು. ಒಂದು ಕೋಣೆಗೆ ಗಾಜು ಹಾಕಿಸಿ, ಏಸಿ ಕೂರಿಸಿದರು. ಪ್ರಧಾನ್ ಮತ್ತೆ ಹಿರಿಯಣ್ಣನನ್ನು ಕರೆಸಿದರು, ಮತ್ತೆ ಚಹಾ. ಇನ್ನೊಬ್ಬರನ್ನು ಕಡಿಮೆ ಮಾಡಬೇಕಾಗಿದೆ ಎಂದರು.

"ನನಗೆ ಗೊತ್ತಿಲ್ಲ ಸಾರ್."

"ಹಾಗಂದ್ರೆ ಹೇಗೆ? ನಿಮ್ಮ ಅಂದಾಜು ಯಾವಾಗಲೂ ಸರಿ ಇರುತ್ತೆ."

"ಈ ವಿಷಯ ನನ್ನ ಕೇಳಬೇಡಿ ಸಾರ್. ನಾನು ಯಾರ ಬಗ್ಗೆಯೂ ಏನೂ ಹೇಳಲ್ಲ" ಎಂದ. ಚಹಾ ಮುಟ್ಟಲಿಲ್ಲ. ಪ್ರಧಾನ್ ತಲೆಯಾಡಿಸಿ, ಸರಿ ಹೋಗಿ ಎಂದರು. ಅವರಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ. ಹೊರಗೆ ಬಂದಾಗ ಹಿರಿಯಣ್ಣನಿಗೆ ಬಹಳ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿತು. ಬೋರ್ಡುಗಳ ಸಾಲಿನಿಂದ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕ್ಯಾಬಿನ್ನಿನಿಂದ ಹೊರಬರುತ್ತಿರುವ ಹಿರಿಯಣ್ಣನನ್ನು, ಒಳಗೆ ಹೋದ ಎರಡು ಕಪ್ ಚಹಾವನ್ನು ಅವರು ನೋಡಿದ್ದರು. ಅವನ ಮಾತನ್ನು ಕ್ಯಾಬಿನ್ನಿನ ಗಾಜಿನಾಚೆ ಯಾರೂ ಕೇಳಿರಲಿಲ್ಲ.

ಆ ತಿಂಗಳ ಕೊನೆಗೆ ದೂಜನನ್ನು ತೆಗೆದರು.

ದೂಜ ಗೌಸನ ಹಾಗೆ ಕೈ ಕುಲುಕಲಿಲ್ಲ. ಹಿರಿಯಣ್ಣನ ಬೋರ್ಡಿನ ಮುಂದೆ ಬಂದು ನಿಂತು, ನಾಲ್ಕು ಜನ ಕೇಳುವಂತೆ, "ನಾನು ನಿಮಗೆ ಎಂತ ಮಾಡಿದ್ದೆ ಹಿರಿಯಣ್ಣ? ಸಗಣಿ ಅಂದ್ರೂ ನಕ್ಕೆನಲ್ಲ" ಎಂದ.

"ನಾನು ಹೇಳಿಲ್ಲ ದೂಜ. ದೇವರಾಣೆಗೂ ನಾನು ಹೇಳಿಲ್ಲ."

"ಹೌದು. ಗೌಸನ ಬಗ್ಗೆಯೂ ನೀವು ಹೇಳಿರಲಿಲ್ಲ" ಎಂದು ದೂಜ ಹೊರಟುಹೋದ. ಸತ್ಯಮೂರ್ತಿ ಅವತ್ತಿನಿಂದ ಡಬ್ಬಿಯನ್ನು ತನ್ನ ಬೋರ್ಡಿನ ಹತ್ತಿರವೇ ಬಿಚ್ಚಿ ಉಣ್ಣತೊಡಗಿದ. ಮುಂದಿನ ವಾರ ಹಿರಿಯಣ್ಣನನ್ನು ಗಾಜಿನ ಕೋಣೆಗೆ ಹಾಕಿದರು. ಸಂಬಳ ಸ್ವಲ್ಪ ಏರಿತು. ಪರದೆಯ ಮೇಲೆ ಹಸಿರು ಗೆರೆ ಎಳೆಯುವುದನ್ನು ಇಬ್ಬರು ಹೊಸ ಹುಡುಗರು ಅವನಿಗೆ ಕಲಿಸಿದರು. ಅವರಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಹಿರಿಯಣ್ಣ ಮತ್ತು ಸರಸ್ವತಿ ಮಾಟುಂಗಕ್ಕೆ ಹೋಗಿದ್ದರು. ತಿಂಗಳಿಗೊಮ್ಮೆ ಹೋಗಿ ದೇವಸ್ಥಾನ, ಆಮೇಲೆ ಉಡುಪಿ ಹೋಟೆಲಿನಲ್ಲಿ ತಿಂಡಿ, ಆಮೇಲೆ ಹೂವು, ಬಾಳೆಲೆ, ಕಾಫಿಪುಡಿ. ಅವನು ಕಾಫಿಪುಡಿಯ ಸಾಲಿನಲ್ಲಿ ನಿಂತಿದ್ದಾಗ ಸರಸ್ವತಿ ಹೂವಿನ ಅಂಗಡಿಯ ಹತ್ತಿರ ಸತ್ಯಮೂರ್ತಿಯ ಹೆಂಡತಿ ಶಾಮಲಾಳ ಜೊತೆ ಮಾತಾಡುತ್ತಿದ್ದುದು ಕಾಣಿಸಿತು. ಶಾಮಲಾ ಅವನನ್ನು ಕಂಡವಳೇ ಸೆರಗು ಎಳೆದುಕೊಂಡು ಹೊರಟುಬಿಟ್ಟಳು.

ಪ್ಲಾಟ್‌ಫಾರಂಗೆ ಬಂದ ಮೇಲೆ ಸರಸ್ವತಿ ಬೆಂಚಿನ ಮೇಲೆ ಚೀಲಗಳನ್ನಿಟ್ಟು ಕೇಳಿದಳು.

"ಗೌಸಣ್ಣನ ಕಣ್ಣಿನ ವಿಷಯ ಸಾಹೇಬರಿಗೆ ಹೇಳಿದ್ದು ನೀವಂತೆ."

"ಯಾರಂದ್ರು?"

"ಯಾರಂದ್ರೆ ಏನು. ನೀವೇನಾ?"

ಆರು ತಿಂಗಳಿಂದ ಈ ಪ್ರಶ್ನೆಗೆ ಅವನು ಹತ್ತಾರು ಉತ್ತರ ಮಾಡಿಟ್ಟುಕೊಂಡಿದ್ದ. ಅವನ್ನೆಲ್ಲ ಬಿಟ್ಟು, "ಮಾತಿಗೆ ಬಂತು. ಹೇಳ್ದೆ" ಎಂದ.

"ಮಾತಿಗೆ ಬಂತು" ಎಂದಳು ಸರಸ್ವತಿ, ಆ ಶಬ್ದಗಳ ಅರ್ಥ ಹುಡುಕುವವಳ ಹಾಗೆ.

"ದೂಜಂದು ನಾನಲ್ಲ ಸರಸು. ನಿನ್ನಾಣೆಗೂ. ಅವತ್ತು ಸಾಹೇಬರು ಎಷ್ಟು ಕೇಳಿದ್ರೂ ದೂಜನ ಬಗ್ಗೆ ನಾನು ಒಂದು ಮಾತೂ ಆಡಿಲ್ಲ."

"ನಾನು ದೂಜಂದು ಕೇಳಲಿಲ್ಲವಲ್ಲ."

ಗಾಡಿ ಬಂತು. ಭಾನುವಾರ ನೂಕುನುಗ್ಗಲು ಕಡಿಮೆ ಎಂದು ಇಬ್ಬರೂ ಒಂದೇ ಡಬ್ಬಿ ಹತ್ತುವುದು ರೂಢಿ. ಸರಸ್ವತಿ ಎರಡೂ ಚೀಲ ಎತ್ತಿಕೊಂಡು, ಅವನ ಕಡೆ ನೋಡದೆ, ಮುಂದಕ್ಕೆ ನಡೆದು ಹೆಂಗಸರ ಡಬ್ಬಿಗೆ ಹತ್ತಿದಳು. ಅವನು ಎದುರಿಗೆ ಸಿಕ್ಕ ಬಾಗಿಲಿಗೆ ಹತ್ತಿ, ಖಾಲಿ ಸೀಟುಗಳಿದ್ದರೂ ಕಂಬ ಹಿಡಿದು ನಿಂತ.

ವಿಕ್ರೋಳಿಯಲ್ಲಿ ಇಳಿದು ನೋಡುವಷ್ಟರಲ್ಲಿ ಅವಳು ಬ್ರಿಡ್ಜಿನ ಮೆಟ್ಟಿಲು ಹತ್ತುತ್ತಿದ್ದಳು. "ಸರಸೂ" ಎಂದು ಕೂಗಿದ. ಬಾಳೆಲೆಯ ತುದಿ ಚೀಲದಿಂದ ಹೊರಗೆ ಚಾಚಿಕೊಂಡು ಅವಳ ಹೆಜ್ಜೆಗೆ ಅಲ್ಲಾಡುತ್ತಿತ್ತು. ಮೇಲೆ ಹೋದವಳು ಮನೆಯ ಕಡೆ ತಿರುಗಲಿಲ್ಲ. ಪಶ್ಚಿಮದ ಮೆಟ್ಟಿಲು ಇಳಿದು, ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು, ನಜ್ಮಾಳ ಚಾಳಿದ್ದ ಪಾರ್ಕ್‌ಸೈಟಿನ ಗುಡ್ಡದ ಕಡೆ ನಡೆದಳು. ಹಿರಿಯಣ್ಣ ಬ್ರಿಡ್ಜಿನ ಮೇಲೆ, ಕಾಫಿಪುಡಿಯ ಪೊಟ್ಟಣ ಹಿಡಿದುಕೊಂಡು, ಅವಳು ಕಣ್ಮರೆಯಾಗುವವರೆಗೂ ನಿಂತಿದ್ದ. ಅವಳ ಹಿಂದೆ ಹೋಗುವ ಧೈರ್ಯ ಬರಲಿಲ್ಲ.